ಡಾಕ್ಟರಮ್ಮನ ಕಾರಿನ ಹನ್ನೊಂದು ಚುಕ್ಕಿ

ಕಾರು ನನ್ನ ಶೆಡ್ಡಿಗೆ ಬಂದಾಗ ಅದರ ಬಾನೆಟ್ಟಿನ ಮೇಲೆ ಇದ್ದದ್ದು ಹನ್ನೊಂದು ಚುಕ್ಕಿ. ಒಂಬತ್ತು ಸಾಸಿವೆ ಕಾಳಿನಷ್ಟು, ಒಂದು ಅಕ್ಕಿ ನುಚ್ಚಿನಷ್ಟು, ಇನ್ನೊಂದು ಹೆಸರುಕಾಳಿನಷ್ಟು. ದೂರದಿಂದ ನೋಡಿದರೆ ಸೊಳ್ಳೆ ಕೂತಿದೆ ಅನ್ನಬೇಕು, ಅಷ್ಟೆ. ಅದರ ಮೇಲೆ ನಾನು ಆರು ದಿನ ಕೆಲಸ ಮಾಡಿದೆ. ಆ ಆರು ದಿನ ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರದಲ್ಲಿ ಮರ ಕುಯ್ಯುವ ಮಿಲ್ಲಿನ ಹಿಂದೆ ನನ್ನ ತಗಡಿನ ಶೆಡ್ಡು. ಅವತ್ತು ಸೋಮವಾರ ಬೆಳಿಗ್ಗೆ ಒಂದು ಲಾರಿಯ ಹಿಂಬದಿ ಹಲಗೆಗೆ ಹಳದಿ ಹೊಡೆಯುತ್ತಿದ್ದೆ. ಲಾರಿ, ಟ್ರ್ಯಾಕ್ಟರು, ಟ್ರೇಲರು, ಅಪರೂಪಕ್ಕೊಂದು ಹಳೇ ಕಾರು ಬಿಟ್ಟರೆ ಬೇರೆ ಗಾಡಿ ನನ್ನಲ್ಲಿಗೆ ಬರುತ್ತಿರಲಿಲ್ಲ. ಅವತ್ತು ಬಾಗಿಲ ಮುಂದೆ ಬಂದು ನಿಂತದ್ದು ಬೆಳ್ಳಿ ಬಣ್ಣದ ಹೊಸ ಕಾರು. ಬಿಸಿಲು ಬಿದ್ದ ಕಡೆಯೆಲ್ಲ ಮೈಯೊಳಗಿನಿಂದ ಬೆಳ್ಳಿಪುಡಿ ಹೊಳೆಯುತ್ತಿತ್ತು. ಅಂಥ ಮೆಟಾಲಿಕ್ ಬಣ್ಣದ ಕಾರು ಆಗ ನಮ್ಮೂರಲ್ಲಿ ಇದ್ದದ್ದು ಒಂದೇ. ಅದು ಸ್ವಂತ ನರ್ಸಿಂಗ್ ಹೋಮ್ ಇಟ್ಟಿದ್ದ ಡಾಕ್ಟರಮ್ಮನದು.

ಇಳಿದವನು ಅವರ ಡ್ರೈವರು. ಕುದೇರಿನವನು. ಹಿಂದೆ ಟ್ರ್ಯಾಕ್ಟರ್ ಓಡಿಸುತ್ತಿದ್ದಾಗಿನಿಂದ ನನಗೆ ಪರಿಚಯ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಹೆಗಲ ಮೇಲಿನ ಟವೆಲನ್ನು ಕೈಯಲ್ಲಿ ಹಿಂಡುತ್ತ ಹತ್ತಿರ ಬಂದ.

"ಅಣ್ಣ, ಇದ ಒಸಿ ನೋಡು. ಕೈ ಮುಗೀತಿನಿ, ಏನಾರ ಮಾಡ್ಬುಡು."

ಸಂಗತಿ ಇಷ್ಟು. ಡಾಕ್ಟರಮ್ಮ ನೆಂಟರ ಮದುವೆಗೆಂದು ತಮ್ಮನ ಕಾರಿನಲ್ಲಿ ಬೆಂಗಳೂರಿಗೆ ಹೋಗಿದ್ದರು. ಬರುವುದು ಮುಂದಿನ ಭಾನುವಾರ. ದಿನಾ ಬೆಳಿಗ್ಗೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸು, ಗೇಟು ದಾಟಿಸಬೇಡ ಅಂತ ಹೇಳಿಹೋಗಿದ್ದರು. ಇವನು ಹಿಂದಿನ ತಿಂಗಳು ಮಗಳನ್ನು ತೆರಕಣಾಂಬಿಗೆ ಕೊಟ್ಟಿದ್ದ. ಹೊಸ ಅಳಿಯನನ್ನು ಮೊದಲ ಸಲ ಊಟಕ್ಕೆ ಕರೆಯಬೇಕಿತ್ತು.

"ಅಳೀಮಯ್ಯ ಬಸ್ನಲ್ಲಿ ನಿಂತ್ಕಂಡು ಬರಾದು ಎಂಗಣ್ಣ? ಅದ್ಕೇ ಕಾರ್ ತಗಂಡೋದೆ. ಅಲ್ಲಿಗೋದ್ರೆ, ಕಾರು ಬಂದದಲ್ಲ ಮಾವ, ಗುಂಡ್ಲುಪೇಟೇಲಿ ನಮ್ಮತ್ತೆ ಮನೇನೂ ನೋಡ್ಕ ಬರನ ಅಂದ್ರು. ಬ್ಯಾಡ ಅನ್ನಕ್ ಬಾಯ್ ಬರ್ನಿಲ್ಲ."

ಗುಂಡ್ಲುಪೇಟೆಯಿಂದ ವಾಪಸು ಬರುವಾಗ ದಾರಿಯಲ್ಲಿ ಹೊಸದಾಗಿ ಟಾರು ಹಾಕುತ್ತಿದ್ದರು. ಮುಂದೆ ಜಲ್ಲಿ ಲಾರಿ. ಅಳಿಯನಿಗೆ ತನ್ನ ಓಟ ತೋರಿಸಬೇಕೆಂದು ಇವನು ಅದರ ಬೆನ್ನಿಗೇ ಬಿದ್ದಿದ್ದಾನೆ. ಲಾರಿಯ ಚಕ್ರದಿಂದ ಕಲ್ಲು ಸಿಡಿದಿದೆ.

"ಪಟಪಟಾಂತ ಬಿದ್ವು ಕಣಣ್ಣ. ನನ್ ಎದೆಗೇ ಬಿದ್ದಂಗಾಯ್ತು. ಅಮ್ಮಾವ್ರ್‌ಗೆ ಗೊತ್ತಾದ್ರೆ ಕೆಲ್ಸ ಓಯ್ತದೆ. ಅಳಿಯನ್ ಮನೇಲಿ ನಮ್ ಬೀಗ್ರು ಡಾಕ್ಟ್ರ ಡ್ರೈವರು ಅಂತ ಊರ್ಗೆಲ್ಲ ಏಳ್ಕಂಡವ್ರೆ. ಬಾನ್ವಾರ್ದೊಳ್ಗೆ ಆಯ್ತದಾ?"

ನಾನು ಬಗ್ಗಿ ನೋಡಿದೆ. ಮೆಟಾಲಿಕ್ ಬಣ್ಣವನ್ನು ಅಲ್ಲಿಯವರೆಗೆ ಕೈಯಲ್ಲಿ ಮುಟ್ಟಿದವನಲ್ಲ. ಅದರ ಡಬ್ಬ ಹೇಗಿರುತ್ತದೆ ಅಂತಲೂ ಗೊತ್ತಿರಲಿಲ್ಲ. 'ನನಗೆ ಬರೋದಿಲ್ಲ' ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿನ ಅತ್ಯಂತ ಚೆಂದದ ಕಾರು ನನ್ನ ಬಾಗಿಲಿಗೆ ಬಂದಿದೆ. ಲಾರಿಯವನು ಬೇರೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಾನೆ. "ಇದೇನ್ ಮಹಾ, ಬುಡ್ಲಾ. ಶನಿವಾರುಕ್ಕೇ ಮಾಡ್ಕೊಡ್ತಿನಿ" ಅಂದುಬಿಟ್ಟೆ.

ಸೋಮವಾರ ಮಾಡಿದ್ದು ಇಷ್ಟು: ಸೋಪಿನ ನೀರಲ್ಲಿ ಬಾನೆಟ್ಟು ತೊಳೆದೆ. ಕಲ್ಲು ಬಿದ್ದ ಕಡೆ ಬಣ್ಣದ ಅಂಚು ಮೆಟ್ಟಿಲಿನಂತೆ ಎದ್ದು ನಿಂತಿರುತ್ತದೆ. ಅದನ್ನು ಇಳಿಜಾರು ಮಾಡದಿದ್ದರೆ ಮೇಲೆ ಎಷ್ಟು ಬಣ್ಣ ಹಾಕಿದರೂ ಗುಳಿ ಕಾಣುತ್ತದೆ. ಪೆನ್ಸಿಲ್ಲಿನ ಹಿಂಭಾಗಕ್ಕೆ ವಾಟರ್ ಪೇಪರ್ ಎಂಬ ಉಪ್ಪುಕಾಗದ ಸುತ್ತಿ, ನೀರು ಹನಿಸುತ್ತ ಒಂದೊಂದೇ ಚುಕ್ಕಿಯನ್ನು ಉಜ್ಜಿದೆ. ನನ್ನದು ಲಾರಿ ಉಜ್ಜಿದ ಕೈ. ಸಾಸಿವೆ ಕಾಳು ನೋಡನೋಡುತ್ತಲೇ ಉದ್ದಿನ ಕಾಳಾಯಿತು. ತಳದಲ್ಲಿ ಬಿಳಿ ಕಬ್ಬಿಣ ಕಂಡಿತು. ಅದರ ಮೇಲೆ ಕೂಡಲೇ ಪ್ರೈಮರ್, ಅಂದರೆ ತುಕ್ಕು ತಡೆಯುವ ಅಡಿಬಣ್ಣ ಹಾಕಬೇಕು. ನನ್ನಲ್ಲಿದ್ದದ್ದು ಲಾರಿಗೆ ಹಾಕುವ ಕೆಂಪು ಪ್ರೈಮರ್. ಬೆಳ್ಳಿ ಬಣ್ಣದ ಕೆಳಗೆ ಅದು ನಡೆಯುವುದಿಲ್ಲ ಅನ್ನುವಷ್ಟು ತಿಳಿವಳಿಕೆ ನನಗಿತ್ತು. ನಾಳೆ ಮೈಸೂರಿಂದ ಬೂದು ಪ್ರೈಮರ್ ತರುತ್ತೇನೆ ಅಂತ ಹೇಳಿ ಹಾಗೇ ಬಿಟ್ಟೆ. ಸಂಜೆ ಐದಕ್ಕೆ ಕಾರು ಡಾಕ್ಟರಮ್ಮನ ಗ್ಯಾರೇಜಿನಲ್ಲಿರಬೇಕಿತ್ತು. ಇಲ್ಲದಿದ್ದರೆ ಕೆಲಸದಿಂದ ಮನೆಗೆ ಬಂದ ಎದುರುಮನೆಯವರು ಕೇಳುತ್ತಾರೆ. ಹಾಗಾಗಿ ಅವನು ದಿನಾ ಸಂಜೆ ಒಯ್ಯುವುದು, ಬೆಳಿಗ್ಗೆ ತರುವುದು ಅಂತಾಯಿತು.

ಮಂಗಳವಾರ ಮೈಸೂರಿಗೆ ಹೋದೆ. ಬಣ್ಣ ತಾಳೆ ನೋಡಲು ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿ ಚೀಲದಲ್ಲಿ ಹಾಕಿಕೊಂಡಿದ್ದೆ. ಪೇಂಟ್ ಅಂಗಡಿಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಾನೆಟ್ ಒಳಗೆ ತಗಡಿನ ಮೇಲೆ ಬಣ್ಣದ ನಂಬರ್ ಇರುತ್ತೆ. ಬರ್ಕೊಂಡು ಬಂದಿದ್ದೀರಾ?" ಅಂದರು. ಅಂಥದ್ದೊಂದು ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬರೆದುಕೊಳ್ಳಲು ಮರೆತೆ ಅಂದೆ. ಅವರು ಕಣ್ಣಳತೆಯಲ್ಲೇ ಬೆರೆಸಿ ಒಂದು ತಗಡಿನ ಮೇಲೆ ಎಳೆದು ತೋರಿಸಿದರು. ಮುಚ್ಚಳದ ಪಕ್ಕ ಹಿಡಿದರೆ ಎರಡೂ ಒಂದೇ. "ಇವತ್ತು ಮೋಡ ಇದೆ. ಬಿಸಿಲಲ್ಲಿ ನೋಡ್ಕೊಳ್ಳಿ, ನಾನು ಗ್ಯಾರಂಟಿ ಕೊಡಲ್ಲ" ಅಂದರು. ನನಗೆ ಬಸ್ಸಿನ ಅವಸರ. ಡಬ್ಬ ತೆಗೆದುಕೊಂಡು ಬಂದೆ.

ಬುಧವಾರ ಒಂದೊಂದು ಚುಕ್ಕಿಗೂ ಬೂದು ಪ್ರೈಮರ್ ಇಟ್ಟು ಒಣಗಿಸಿದೆ. ಡಬ್ಬ ಚೆನ್ನಾಗಿ ಕಲಕಿ, ಬೆಂಕಿಕಡ್ಡಿಯ ತುದಿ ಚೂಪು ಮಾಡಿ, ಬೆಳ್ಳಿ ಬಣ್ಣವನ್ನು ಹನಿ ಹನಿಯಾಗಿ ಮೂರು ಸಲ ಇಟ್ಟೆ. ಮೇಲೆ ಕ್ಲಿಯರ್, ಅಂದರೆ ಹೊಳಪಿನ ಬಣ್ಣರಹಿತ ಪದರ. ಮಧ್ಯಾಹ್ನದ ಹೊತ್ತಿಗೆ ಎದುರು ನಿಂತು ನೋಡಿದರೆ ಚುಕ್ಕಿಗಳೇ ಇಲ್ಲ. ಡ್ರೈವರು ಬಗ್ಗಿ ನನ್ನ ಕಾಲು ಮುಟ್ಟಿದ. ನನಗೂ ಎದೆ ಉಬ್ಬಿತು. ಅವನು ಕಾರು ತೆಗೆಯಲೆಂದು ಕಾರಿನ ಬಾಗಿಲ ಕಡೆ ನಡೆದ. ಅಲ್ಲಿಂದ ತಿರುಗಿ ನೋಡಿದವನು ಹಾಗೇ ನಿಂತ.

"ಅಣ್ಣ, ಇಲ್ ಬಾ ಒಸಿ."

ಪಕ್ಕದಿಂದ ನೋಡಿದರೆ ಹನ್ನೊಂದೂ ಕರೀ ಮಚ್ಚೆಗಳು. ಈ ಬಣ್ಣದಲ್ಲಿ ಲೋಹದ ಸಣ್ಣ ಸಣ್ಣ ಚೂರುಗಳಿರುತ್ತವೆ. ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಗನ್ನಿನಲ್ಲಿ ಹೊಡೆದಾಗ ಅವು ಮಲಗುತ್ತವೆ, ಬೆಳಕನ್ನು ಒಂದೇ ಕಡೆ ಎಸೆಯುತ್ತವೆ. ಕಡ್ಡಿಯಲ್ಲಿ ಇಟ್ಟರೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಅವತ್ತು ತಿಳಿದದ್ದು ಮಚ್ಚೆ ಕಾಣುತ್ತಿದೆ ಅನ್ನುವುದೊಂದೇ. ಬಣ್ಣ ಕರಗಿಸುವ ಟಿನ್ನರಿನಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಎಲ್ಲವನ್ನೂ ಒರೆಸಿ ಹಾಕಿದೆ. ಪ್ರೈಮರೂ ಕಿತ್ತುಬಂತು. ಮತ್ತೆ ಬರಿ ಕಬ್ಬಿಣ.

ಗುರುವಾರ ಗನ್ನು ಹಿಡಿದೆ. ಚುಕ್ಕಿಗಳು ಹೆಚ್ಚಾಗಿದ್ದ ನಡುಭಾಗದಲ್ಲಿ ಎರಡು ಗೇಣು ಜಾಗ ಬಿಟ್ಟು, ಸುತ್ತ ಹಳೇ ಪೇಪರ್ ಅಂಟಿಸಿ ಪ್ರೈಮರ್ ಹೊಡೆದೆ. ಅದು ಅಲ್ಲಲ್ಲಿ ಹಿಂಜರಿದಂತೆ ಕಂಡಿತು, ಲಕ್ಷ್ಯ ಕೊಡಲಿಲ್ಲ. ಮೇಲೆ ಬೆಳ್ಳಿ ಹೊಡೆದೆ. ಬಣ್ಣ ಬಿದ್ದ ಕ್ಷಣಕ್ಕೇ ದುಂಡು ದುಂಡಾಗಿ ಬಾಯಿ ಬಿಟ್ಟುಕೊಂಡು ಪಕ್ಕಕ್ಕೆ ಸರಿಯಿತು. ಕಾವಲಿಯ ಮೇಲೆ ದೋಸೆಗೆ ಕಣ್ಣು ಬೀಳುವ ಹಾಗೆ. ಒರೆಸಿ ಮತ್ತೆ ಹೊಡೆದೆ. ಗುಳಿಗಳು ಜಾಸ್ತಿಯಾದವು. ಅದೇ ಬಟ್ಟೆಯಲ್ಲಿ ಇನ್ನೂ ಅಗಲಕ್ಕೆ ಒರೆಸಿ, ಇನ್ನೂ ಅಗಲಕ್ಕೆ ಹೊಡೆದೆ. ಗುಳಿಗಳೂ ಅಷ್ಟಗಲಕ್ಕೆ ಹರಡಿದವು.

ಕಂಪ್ರೆಸರಿನಲ್ಲಿ ನೀರು ಸೇರಿದೆ ಅಂದುಕೊಂಡು ಟ್ಯಾಂಕು ಖಾಲಿ ಮಾಡಿದೆ. ಪೈಪು ಬದಲಿಸಿದೆ. ಗನ್ನು ಪೂರ್ತಿ ಬಿಚ್ಚಿ ತೊಳೆದು ಜೋಡಿಸಿದೆ. ಅವತ್ತು ಎಷ್ಟು ಸಲ ಹೊಡೆದೆ, ಎಷ್ಟು ಸಲ ಒರೆಸಿದೆ ಅನ್ನುವುದು ನೆನಪಿಲ್ಲ. ಪ್ರತಿಸಲವೂ ಅದೇ ಗುಳಿ. ಇಪ್ಪತ್ತು ವರ್ಷ ಮಾಡಿದ ಕೆಲಸ ಇದ್ದಕ್ಕಿದ್ದಂತೆ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಡ್ರೈವರು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. "ನನ್ ಮಕ ಏನ್ಲಾ ನೋಡೀಯೆ, ಓಗಿ ಬೀಡಿ ತಕ್ಕ ಬಾ" ಅಂತ ರೇಗಿದೆ. ಅವನು ಎದ್ದು ಹೋದ ಮೇಲೆ ನನಗೆ ಅಳು ಬರುವ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ ಆ ಒರೆಸುವ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅಲ್ಲಿ ಊಟಿ ರಸ್ತೆಯಲ್ಲಿ ಒಬ್ಬ ಮಲಯಾಳಿ ಪೇಂಟರ್ ಇದ್ದ. ಕೇರಳದ ಕಡೆಯಿಂದ ಬರುವ ಹೊಸ ಕಾರುಗಳೆಲ್ಲ ಅವನಲ್ಲಿಗೇ ಹೋಗುತ್ತಿದ್ದವು. ಅವನ ನಿಧಾನವನ್ನು ನಾನು ನಾಲ್ಕು ಜನರೆದುರು ಎಷ್ಟೋ ಸಲ ಆಡಿಕೊಂಡಿದ್ದೆ. ಈಗ ಅವನ ಮುಂದೆ ಹೋಗಿ ನಿಲ್ಲಬೇಕು. ಸೋಮವಾರವೇ ಹೋಗಿದ್ದರೆ ಮರ್ಯಾದೆಯಿಂದ ಹೋಗಬಹುದಿತ್ತು.

ಅವನು ಬಟ್ಟೆಯನ್ನು ಮೂಗಿಗೆ ಹಿಡಿದ. ಬೆರಳಲ್ಲಿ ತಿಕ್ಕಿ ನೋಡಿದ.

"ಚೇಟ್ಟಾ, ಇದ್ರಲ್ಲಿ ಎಣ್ಣೆ ಉಂಟು. ಎಣ್ಣೆ ಮೇಲೆ ಪೇಂಟ್ ನಿಲ್ಲೂದಿಲ್ಲ. ನೀವು ಒರಸಿ ಒರಸಿ ಎಲ್ಲಾ ಕಡೆ ಕೊಟ್ಟಿದೀರಿ."

"ನೀನಾಗಿದ್ರೆ ಏನ್ ಮಾಡ್ತಿದ್ದೆ?" ಅಂತ ಕೇಳಿದೆ.

"ನಾನು ಗನ್ ಹಿಡಿಯೂದೇ ಇಲ್ಲ. ಸಣ್ಣ ಚುಕ್ಕಿ ಅಲ್ವಾ? ತುಕ್ಕು ಬಾರದ ಹಾಗೆ ಒಂದೊಂದು ಹನಿ ಕ್ಲಿಯರ್ ಹಾಕಿ ಕಳ್ಸೂದು. ನೋಡಿದ್ರೆ ಕಾಣ್ತದೆ. ಕಾಣ್ಲಿ. ಗನ್ನಲ್ಲಿ ಮಾಡ್ಬೇಕಾದ್ರೆ ಪೂರ್ತಿ ಬಾನೆಟ್ ಹೊಡೆದು, ಎರಡು ಕಡೆ ಪಕ್ಕಕ್ಕೂ ತೆಳ್ಳಗೆ ತೇಲಿಸಿ ಸೇರಿಸ್ಬೇಕು. ಬಿಸಿಲಲ್ಲಿ ನೋಡಿ ನೋಡಿ ಬಣ್ಣ ಬೆರಸ್ಬೇಕು. ನಾಲ್ಕು ದಿನ ಬೇಕು ಚೇಟ್ಟಾ."

ನನ್ನಲ್ಲಿ ಉಳಿದಿದ್ದದ್ದು ಒಂದೂವರೆ ದಿನ. ಟೀ ಕುಡಿಸಿ ಕಳಿಸಿದ. ಒಂದು ಕೊಂಕು ಮಾತೂ ಆಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ವಾಪಸು ಬಂದವನೇ ಡ್ರೈವರನ್ನು ಕೇಳಿದೆ. "ಬಾನೆಟ್ ಮ್ಯಾಲೆ ಎಣ್ಣೆ ಎಲ್ಲಿಂದ್ಲಾ ಬಂತು?"

"ನಾನೇ ಕಣಣ್ಣ ಆಕ್ತಿದ್ದುದ್ದು. ಅಳ್ಳೆಣ್ಣೆ." ಏನೂ ಆಗಿಲ್ಲವೆಂಬಂತೆ ಹೇಳಿದ. "ನೀನು ಉಜ್ಜಿ ಬರೀ ಕಬ್ಣ ಬುಟ್ಟು ಕಳಿಸ್ತಿದ್ದಲ್ಲ, ತುಕ್ಕಿಡ್ದಾತು ಅಂತ ಸಂಜೆ ಒತ್ತು ಒಸಿ ಸವ್ರಿ, ಬೆಳಿಗ್ಗೆ ಒರಸ್ಕಂಡು ತತ್ತಿದ್ದೆ. ಮನೇಲಿ ಕುಡ್ಲು ಮಚ್ಚು ಎತ್ತಿಡೋ ಮುಂಚೆ ಸವರಾಕಿಲ್ವಾ, ಅಂಗೇಯ."

ಹರಳೆಣ್ಣೆ! ಕಬ್ಬಿಣ ಬಯಲಾದರೆ ಹರಳೆಣ್ಣೆ ಸವರಬೇಕು ಅನ್ನುವುದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಿಲ್ಲ. ಹಾರೆ, ಗುದ್ದಲಿ, ನೇಗಿಲ ಗುಳ ಎಲ್ಲದಕ್ಕೂ ನಮ್ಮಪ್ಪನೂ ಸವರುತ್ತಿದ್ದ.

"ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

"ನೀ ಕೇಳ್ನಿಲ್ವಲ್ಲಣ್ಣ."

ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಸತ್ಯ ಹೇಳಬೇಕೆಂದರೆ ಆ ಸಿಟ್ಟಿನ ತಳದಲ್ಲಿ ನನಗೊಂದು ನೆಮ್ಮದಿ ಇತ್ತು. ತಪ್ಪು ನನ್ನ ಕೈಯದಲ್ಲ, ಇವನ ಎಣ್ಣೆಯದು.

ಅವತ್ತು ಮಧ್ಯಾಹ್ನದಿಂದ ಸಂಜೆವರೆಗೆ ನಾನು ಹೊಡೆದಿದ್ದ ಬಣ್ಣವನ್ನೆಲ್ಲ ತೆಗೆದೆ. ಒಗೆದ ಪಂಚೆ ಹರಿದು ತುಂಡು ಮಾಡಿ, ಒಂದು ತುಂಡಿನಲ್ಲಿ ಒಂದೇ ಸಲ ಒರೆಸಿ ಎಸೆದೆ. ಟಿನ್ನರ್, ಆಮೇಲೆ ಪೆಟ್ರೋಲ್, ಆಮೇಲೆ ಸೋಡಾಪುಡಿ ನೀರು. ಕೊನೆಗೆ ಒಂದು ಚೊಂಬು ನೀರು ಸುರಿದು ನೋಡಿದೆ. ಎಣ್ಣೆ ಇದ್ದರೆ ನೀರು ಮುತ್ತು ಮುತ್ತಾಗಿ ಒಡೆಯುತ್ತದೆ. ಒಡೆಯಲಿಲ್ಲ, ಹಾಳೆಯಂತೆ ನಿಂತಿತು. ಹೊಸ ಬಣ್ಣ ಹಿಡಿಯಲೆಂದು ಇಡೀ ಬಾನೆಟ್ಟನ್ನು ನಯವಾದ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆದೆ. ಕಂಪನಿಯ ಹೊಳಪು, ನೋಡಿದರೆ ಮುಖ ಕಾಣುತ್ತಿದ್ದದ್ದು, ಸ್ಲೇಟಿನ ಹಾಗಾಯಿತು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಪೂರ್ತಿ ಬಾನೆಟ್ಟಿಗೆ ಹೊಡೆದೆ. ಪ್ರೈಮರ್ ಒಮ್ಮೆ, ಬೆಳ್ಳಿ ಮೂರು ಸಲ, ಕ್ಲಿಯರ್ ಎರಡು ಸಲ. ಒಂದು ಗುಳಿ ಬೀಳಲಿಲ್ಲ. ತಗಡಿನ ನೆರಳಲ್ಲಿ ಬಾನೆಟ್ಟು ಆಗತಾನೇ ಕಂಪನಿಯಿಂದ ಬಂದಂತೆ ಇತ್ತು. ಇಬ್ಬರೂ ಟೀ ಕುಡಿದೆವು. ಐದು ದಿನದಲ್ಲಿ ಅವನು ನಕ್ಕದ್ದನ್ನು ಅವತ್ತೇ ನೋಡಿದ್ದು. ಒಣಗಲಿ ಅಂತ ಇಬ್ಬರೂ ಸೇರಿ ಕಾರನ್ನು ಬಿಸಿಲಿಗೆ ತಳ್ಳಿದೆವು.

ಬಿಸಿಲಿಗೆ ಬಂದ ಕೂಡಲೇ ಬಾನೆಟ್ಟು ಬೇರೆಯಾಯಿತು. ಅಕ್ಕಪಕ್ಕವೆಲ್ಲ ಬೆಳ್ಳಗೆ ಹೊಳೆಯುತ್ತಿದ್ದರೆ ಇದೊಂದು ನೀಲಿಗೆ ತಿರುಗಿದ ಬೂದಿ. ಸುತ್ತ ನಡೆದರೆ ಇನ್ನೂ ಕಪ್ಪಾಗುತ್ತದೆ. ಯಾವುದೋ ಬೇರೆ ಕಾರಿನದು ತಂದು ಜೋಡಿಸಿದ ಹಾಗೆ. ಮೈಸೂರಿನ ಅಂಗಡಿಯವರು ಹೇಳಿದ ಬಿಸಿಲು ಇದು. ಈಗ ದೂರಲು ಎಣ್ಣೆಯೂ ಇರಲಿಲ್ಲ.

"ಎಣ್ಣೆ ಕುಡ್ಕಬುಟ್ಟದೆ ಕಣಣ್ಣ ಕಬ್ಣ" ಅಂದ ಡ್ರೈವರು, ಸಣ್ಣ ದನಿಯಲ್ಲಿ. "ಅದ್ಕೇ ಬಣ್ಣ ಕಪ್ಪಾಯ್ತಾದೆ. ನನ್ನಿಂದ್ಲೇ."

ಅಲ್ಲ ಕಣ್ಲಾ ಅನ್ನಬೇಕಿತ್ತು. ಕಬ್ಬಿಣ ಎಣ್ಣೆ ಕುಡಿಯುವುದಿಲ್ಲ. ನಂಬರು ನೋಡದೆ, ಬಿಸಿಲು ಕಾಯದೆ ಬಣ್ಣ ತಂದವನು ನಾನು. ನಾನು ಬೀಡಿ ಹಚ್ಚಿಕೊಂಡೆ.

"ಇಡೀ ಕಾರ್ಗೇ ಒಡ್ದುಬುಡು ಅಂಗಾರೆ."

"ಆಗಾಕಿಲ್ಲ ಕಣ್ಲಾ."

"ಒಂದ್ ಕಂಬುಕ್ ಗುದ್ದಿಸ್ಬುಡನ. ನಿಲ್ಸಿದ್ ಕಾರ್ಗೆ ಯಾವ್ದೋ ಬಸ್ ಗುದ್ಬುಟ್ಟೋಯ್ತು ಅನ್ನದು."

ನಗಬೇಡಿ. ಒಂದು ಬೀಡಿ ಮುಗಿಯುವಷ್ಟು ಹೊತ್ತು ನಾನೂ ಅದನ್ನು ಯೋಚಿಸಿದೆ. ಯಾವ ಕಂಬ ಅಂತಲೂ ಯೋಚಿಸಿದೆ. ಆಮೇಲೆ ಗುಂಡ್ಲುಪೇಟೆಯವನ ಮಾತು ನೆನಪಾಯಿತು. ಕಾಣ್ಲಿ ಅಂದಿದ್ದನಲ್ಲ. ಕಂಪನಿಯ ಬಣ್ಣ ಬೆಂಕಿಯ ಕಾವಿನಲ್ಲಿ ಬೆಂದದ್ದು, ಟಿನ್ನರಿಗೆ ಜಗ್ಗುವುದಿಲ್ಲ. ನನ್ನದು ಇನ್ನೂ ಹಸಿ. ಟಿನ್ನರ್ ಕ್ಯಾನು ಎತ್ತಿಕೊಂಡೆ. ಅವನಿಗೆ ಅರ್ಥವಾಗಿ ಓಡಿಬಂದು ಕೈ ಹಿಡಿದುಕೊಂಡ.

"ಬ್ಯಾಡ ಕಣಣ್ಣ! ಇಂಗೇ ಇರ್ಲಿ. ದೂರ್ದಿಂದ ಚೆಂದಾಗೇ ಕಂಡದೆ."

"ಇಂಗಿದ್ರೆ ಮುಚ್ಚಿಟ್ಟಂಗೆ ಕಾಣ್ತದೆ ಕಣ್ಲಾ. ತಗುದ್ರೆ ಕಲ್ ಬಿದ್ದಂಗಾರ ಕಾಣ್ತದೆ. ಕೈ ಬುಡು."

ಬೆಳಿಗ್ಗೆಯಿಂದ ಹಾಕಿದ್ದೆಲ್ಲವನ್ನೂ ಒಂದು ಗಂಟೆಯಲ್ಲಿ ಒರೆಸಿ ತೆಗೆದೆ. ಪಾಲಿಶ್ ಪೇಸ್ಟ್ ಹಾಕಿ ರಟ್ಟೆ ಬಿದ್ದುಹೋಗುವವರೆಗೆ ಉಜ್ಜಿದೆ. ಹೊಳಪು ಅರ್ಧ ಬಂತು, ಇನ್ನರ್ಧ ಬರಲಿಲ್ಲ. ಹನ್ನೊಂದು ಚುಕ್ಕಿಗೂ ಒಂದೊಂದು ಹನಿ ಕ್ಲಿಯರ್ ಇಟ್ಟೆ. ಈಗ ಅವು ತೊಗರಿಬೇಳೆಯಷ್ಟಿದ್ದವು, ಹೆಸರುಕಾಳಿನದು ಅವರೆಕಾಳಾಗಿತ್ತು. ಶೆಡ್ಡಿಗೆ ಬಂದಾಗ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾರನ್ನು ವಾಪಸು ಕೊಟ್ಟದ್ದು ನನ್ನ ಕಸುಬಿನಲ್ಲಿ ಅದೇ ಮೊದಲು. ನಾಳೆ ನಾನೂ ಬರ್ತೀನಿ, ಇಬ್ಬರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂದೆ. ಅವನು ತಲೆಯಾಡಿಸಿದ.

ಭಾನುವಾರ ನಾವಿಬ್ಬರೂ ಅವರ ಮನೆ ಮುಂದೆ ಕಾಯುತ್ತಿದ್ದಾಗ ಹತ್ತು ಗಂಟೆಗೆ ಡಾಕ್ಟರಮ್ಮ ಬಂದರು. ಮೆಟ್ಟಿಲು ಹತ್ತುವ ಮೊದಲೇ ಕಣ್ಣು ಬಾನೆಟ್ಟಿನ ಮೇಲೆ ಬಿತ್ತು. ಹತ್ತಿರ ಬಂದು ಬೆರಳಿನಿಂದ ಒಂದು ಚುಕ್ಕಿ ಮುಟ್ಟಿದರು. "ಏನಿದು?"

ಡ್ರೈವರು ಎಲ್ಲವನ್ನೂ ಹೇಳಿದ. ತೆರಕಣಾಂಬಿ, ಅಳಿಯ, ಜಲ್ಲಿ ಲಾರಿ, ನನ್ನ ಶೆಡ್ಡು. ಒಂದನ್ನೂ ಬಿಡಲಿಲ್ಲ. ಕೊನೆಗೆ, "ಅಣ್ಣಂದೇನೂ ತಪ್ಪಿಲ್ಲ ಅಮ್ಮಾವ್ರೆ. ಅವ್ರು ಚೆನ್ನಾಗೇ ಮಾಡ್ತಿದ್ರು. ನಾನೇ ಅಳ್ಳೆಣ್ಣೆ ಆಕಿ ಕೆಡಿಸ್ಬುಟ್ಟೆ" ಅಂದ.

ಅವರು ನನ್ನ ಕಡೆ ತಿರುಗಿದರು. "ಹೌದೇನ್ರೀ?"

ಇದ್ದದ್ದು ಇದ್ದ ಹಾಗೆ ಹೇಳಲೆಂದೇ ಹೋದವನು ನಾನು. ಬಾಯಿಗೆ ಬಂದದ್ದು "ಹೂಂ ಅಮ್ಮಾ."

ಅವರು ಇನ್ನೊಂದು ಚುಕ್ಕಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಅವನಿಗೆ ಹೇಳಿದರು. ದನಿ ಏರಿಸಲಿಲ್ಲ. "ಕಲ್ಲು ಯಾರ ಕಾರಿಗೆ ಬೀಳಲ್ಲ ಹೇಳು? ಅಳಿಯನ್ನ ಕರ್ಕೊಂಡು ಬರ್ಬೇಕು ಅಂತ ಕೇಳಿದ್ರೆ ನಾನೇ ಕಳಿಸ್ತಿದ್ದೆ. ಕೇಳದೆ ಹೋದೆ, ಹೋಗ್ಲಿ. ಕಲ್ಲು ಬಿದ್ದ ದಿನ ಒಂದು ಫೋನ್ ಮಾಡಿದ್ರೆ ಎರಡು ಮಾತು ಬೈದು ಸುಮ್ಮನಾಗ್ತಿದ್ದೆ. ಆರು ದಿನ ಮುಚ್ಚಿಡೋಕೆ ನೋಡಿದೆಯಲ್ಲ. ಇನ್ನು ನಿನ್ನ ಕೈಗೆ ಮನೆ ಬಿಟ್ಟು ಹೇಗೆ ಹೋಗ್ಲಿ ನಾನು?"

ಕೈ ಚಾಚಿದರು. ಅವನು ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಸೋಮವಾರ ನಾನು 'ನನಗೆ ಬರೋದಿಲ್ಲ' ಅಂತ ಒಂದು ಮಾತು ಹೇಳಿದ್ದರೆ ಅವನು ಅವತ್ತೇ ಫೋನ್ ಮಾಡುತ್ತಿದ್ದ. ಬೇರೆ ದಾರಿ ಇರುತ್ತಿರಲಿಲ್ಲ ಅವನಿಗೆ. ಗೇಟಿನಿಂದ ಹೊರಗೆ ಇಬ್ಬರೂ ಜೊತೆಯಲ್ಲೇ ನಡೆದೆವು. ಅವನು ಕುದೇರಿನ ಬಸ್ಸಿಗೆ ಹೋದ, ನಾನು ಶೆಡ್ಡಿಗೆ ಹೋದೆ.

ಆರೇಳು ತಿಂಗಳಾದ ಮೇಲೆ ಅವನು ಮತ್ತೆ ಬಂದ. ಊರಿನಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅದರ ಮಡ್‌ಗಾರ್ಡಿಗೆ ಕೆಂಪು ಹೊಡೆಸಬೇಕಿತ್ತು. ಮಗಳು ಅಳಿಯ ಹೇಗಿದ್ದಾರೆ ಅಂತ ಕೇಳಿದೆ. ಮಗಳು ಬರುತ್ತಾಳೆ, ಅಳಿಯ ಬರುವುದು ಕಡಿಮೆ ಅಂದ. ಕಲ್ಲಿನ ಮೇಲೆ ಕೂತು ನಾನು ಉಜ್ಜುವುದನ್ನು ಸುಮಾರು ಹೊತ್ತು ನೋಡಿದ.

"ಅಣ್ಣ, ಒಂದ್ ಮಾತು ಕೇಳ್ತಿನಿ. ಅವತ್ತು ನಾ ಆ ಎಣ್ಣೆ ಒಂದ್ ಆಕ್ದೆ ಇದ್ದಿದ್ರೆ ನೀನು ಮಾಡ್ಕೊಟ್ಬುಡ್ತಿದ್ದೆ, ಅಲ್ವಾ? ನಮ್ಮೋಳು ಈಗ್ಲೂ ಅಂತಳೆ, ನಿನ್ ಕೈಯಾರ ಕೆಡಿಸ್ಕಂಡೆ ಅಂತ."

ಪೇಪರನ್ನು ಕೆಳಗಿಟ್ಟೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬಾಯಿ ತೆರೆದೆ.

"ಟೀ ಕುಡಿದೀಯೇನ್ಲಾ?" ಅಂದೆ.

"ಕುಡಿಯನ ಬಾ ಅಣ್ಣ" ಅಂತ ಎದ್ದ.